ಶಾರ್ಕ್ ಮಿದುಳಲ್ಲಿ ಎನ್‌ಪಿವೈ: ಡಿಎಬಿಯೋ, ಫ್ಲೋರೊಸೆನ್ಸೋ, ಇನ್ ಸಿಟುವೋ?

ನ್ಯೂರೋಪೆಪ್ಟೈಡ್ ವೈ, ಲ್ಯಾಬಿನ ಮಾತಲ್ಲಿ ಎನ್‌ಪಿವೈ, 36 ಅಮೈನೊ ಆಮ್ಲಗಳ ಸಣ್ಣ ಸರಪಳಿ. ಮೀನಿನಿಂದ ಮನುಷ್ಯನವರೆಗೆ ಹೆಚ್ಚು ಬದಲಾಗದೆ ಬಂದಿರುವುದರಿಂದ ಸಸ್ತನಿಗಳಿಗೆಂದು ತಯಾರಿಸಿದ ಆಂಟಿಬಾಡಿ (ಎನ್‌ಪಿವೈಯನ್ನು ಗುರುತಿಸಿ ಅಂಟುವ ಪ್ರೋಟೀನ್) ಶಾರ್ಕಿನಲ್ಲೂ ಸಾಮಾನ್ಯವಾಗಿ ಹಿಡಿಯುತ್ತದೆ. ಇದು ಮಿದುಳಲ್ಲಿ ಎಲ್ಲೆಲ್ಲಿದೆ ಎಂಬ ನಕ್ಷೆಗಾಗಿ ಬಿದಿರು ಶಾರ್ಕಿನಲ್ಲಿ ಮೂರೂ ವಿಧಾನ ಮಾಡಿ ನೋಡಿದ್ದೇವೆ: ಆಂಟಿಬಾಡಿ ಅಂಟಿದ ಜಾಗವನ್ನು ಪೆರಾಕ್ಸಿಡೇಸ್ ಕಿಣ್ವದ ಸಹಾಯದಿಂದ ಕಂದಾಗಿಸುವ ಡಿಎಬಿ, ಅದೇ ಜಾಗವನ್ನು ಹೊಳೆಯುವ ಬಣ್ಣದಲ್ಲಿ ತೋರಿಸುವ ಫ್ಲೋರೊಸೆನ್ಸ್, ಪೆಪ್ಟೈಡ್ ಬದಲು ಅದರ ಆರ್‌ಎನ್‌ಎ ಹುಡುಕುವ ಇನ್ ಸಿಟು. ಮೊದಲ ಸುತ್ತಿಗೆ ನಮ್ಮ ಮತ ಡಿಎಬಿಗೆ.

ಆದರೆ ಕೆಲಸ ಕೆಡುವುದು ಬೆಂಗಳೂರಿನ ಲ್ಯಾಬಿಗಿಂತ ಮೊದಲು, ಕರಾವಳಿಯಲ್ಲೇ. ಐಸ್‌ನಲ್ಲಿ ಇಲ್ಲಿನ ಮಾರುಕಟ್ಟೆಗೆ ಬರುವ ಶಾರ್ಕ್ ಪ್ರಯೋಜನಕ್ಕೆ ಬಾರದು. ಸತ್ತ ಮೇಲೆ ಪೆಪ್ಟೈಡ್ ಒಡೆಯುತ್ತಾ ಹೋಗುತ್ತದೆ. ಅನುಮತಿ ಪಡೆದು, ಜೀವಂತ ಶಾರ್ಕಿಗೆ ಅರಿವಳಿಕೆ ಕೊಟ್ಟು, ಮಂಗಳೂರಲ್ಲೇ ಹೃದಯದ ಮೂಲಕ ದ್ರಾವಣ ಹರಿಸಬೇಕು. ಮಾಮೂಲಿ 0.9% ಸಲೈನ್ ಬೇಡವೇ ಬೇಡ: ಶಾರ್ಕ್ ರಕ್ತ ಸುಮಾರು 1000 ಮಿಲಿಆಸ್ಮೋಲ್ (ಕರಗಿದ ಕಣಗಳ ಸಾಂದ್ರತೆಯ ಅಳತೆ), ಸಲೈನ್ ಸುಮಾರು 300. ನೀರು ನುಗ್ಗಿ ಕೋಶಗಳು ಊದಿಕೊಳ್ಳುತ್ತವೆ. ಲೀಟರಿಗೆ 16 ಗ್ರಾಂ ಉಪ್ಪು, 21 ಗ್ರಾಂ ಯೂರಿಯಾ ಹಾಕಿ. ಕಿವಿರುಗಳ ಕೆಂಪು ಇಳಿದು ಬಿಳಿಚಿದ ಮೇಲೆ ಅಂಗಾಂಶ ಕೆಡದಂತೆ ಗಟ್ಟಿಗೊಳಿಸುವ 4% ಪ್ಯಾರಾಫಾರ್ಮಾಲ್ಡಿಹೈಡ್ ಹರಿಸಿ. ಮಿದುಳು ತೆಗೆದು ಅದರಲ್ಲೇ ನಾಲ್ಕಾರು ಗಂಟೆ ಇಟ್ಟು, ರಾತ್ರಿ ಬಸ್ಸು ಹತ್ತುವ ಮೊದಲು 30% ಸಕ್ಕರೆ ದ್ರಾವಣಕ್ಕೆ ಬದಲಿಸಿ, ಐಸ್ ಪೆಟ್ಟಿಗೆಯಲ್ಲಿಡಿ. ಪ್ಯಾರಾಫಾರ್ಮಾಲ್ಡಿಹೈಡ್‌ನಲ್ಲೇ ದಿನಗಟ್ಟಲೆ ಬಿಟ್ಟರೆ ಆಂಟಿಬಾಡಿ ಅಂಟುವ ಜಾಗ ಮುಚ್ಚಿಹೋಗಬಹುದು.

ಡಿಎಬಿಗೆ 30 ಮೈಕ್ರಾನ್ ಸೆಕ್ಷನ್‌ಗಳನ್ನು (ಮಿದುಳಿನ ತೆಳು ಹೋಳುಗಳನ್ನು) ಬಫರ್‌ನಲ್ಲಿ ತೇಲಿಬಿಟ್ಟೇ ಮಾಡಿ: ಆಂಟಿಬಾಡಿ 1:5000, ಟ್ರೈಟಾನ್ (ಆಂಟಿಬಾಡಿ ಒಳಹೋಗಲು ಪೊರೆ ಸಡಿಲಿಸುವ ಸೋಪಿನಂಥದ್ದು) 0.3%, 4 ಡಿಗ್ರಿಯಲ್ಲಿ ಎರಡು ರಾತ್ರಿ. ಹೈಪೊಥಲಾಮಸ್‌ನಲ್ಲಿ ಮಣಿ ಪೋಣಿಸಿದಂಥ ಕಂದು ಎಳೆಗಳು ಎದ್ದು ಕಾಣುತ್ತವೆ. ಆ ಮಣಿಗಳೇ ಪೆಪ್ಟೈಡ್ ತುಂಬಿದ ಉಬ್ಬುಗಳು. ರಕ್ತ ಪೂರ್ತಿ ತೊಳೆಯದಿದ್ದರೆ ಹಿಮೋಗ್ಲೋಬಿನ್ ಕೂಡ ಪೆರಾಕ್ಸಿಡೇಸ್‌ನಂತೆ ವರ್ತಿಸಿ ರಕ್ತನಾಳಗಳೆಲ್ಲ ಕಂದಾಗುತ್ತವೆ. ಅದಕ್ಕೇ ಮೊದಲು 0.3% ಹೈಡ್ರೋಜನ್ ಪೆರಾಕ್ಸೈಡ್, ಅರ್ಧ ಗಂಟೆ. ಏಪ್ರಿಲ್ ಸೆಕೆಯಲ್ಲಿ ಬಣ್ಣ ಬೇಗ ಏರುತ್ತದೆ. ಎರಡನೇ ನಿಮಿಷದಿಂದಲೇ ಮೈಕ್ರೋಸ್ಕೋಪಿನಡಿ ನೋಡುತ್ತಿರಿ, ಹಿನ್ನೆಲೆ ಹಳದಿಗೆ ತಿರುಗಿದರೆ ತಕ್ಷಣ ನಿಲ್ಲಿಸಿ. ಉಳಿದ ಡಿಎಬಿಯನ್ನು ಸಿಂಕಿಗೆ ಸುರಿಯಬಾರದು, ಕ್ಯಾನ್ಸರ್ ತರುವ ಸಂಶಯವಿದೆ.

ಫ್ಲೋರೊಸೆನ್ಸ್ ಬೇಕಾಗುವುದು ಒಂದೇ ಕೋಶದಲ್ಲಿ ಎರಡು ಪೆಪ್ಟೈಡ್ ಇವೆಯೇ ಎಂದು ನೋಡಲು. ಹಸಿರು ಚಾನೆಲ್‌ನಲ್ಲಿ ಅಂಗಾಂಶವೇ ಹೊಳೆಯುತ್ತದೆ, ಹಾಗಾಗಿ ಫಾರ್ ರೆಡ್ ಬಣ್ಣ ಆರಿಸಿ.

ಇನ್ ಸಿಟುವಿನಲ್ಲಿ ಕಾಣುವುದು ಕೋಶಕಾಯಗಳು ಮಾತ್ರ, ಎಳೆಗಳಿಲ್ಲ. ಆದರೂ ಅದನ್ನು ಬಿಡುವಂತಿಲ್ಲ. ಆಂಟಿಬಾಡಿ ಹತ್ತಿರದ ಬಂಧು ಪಿವೈವೈಗೂ ಅಂಟಬಹುದು. ಎನ್‌ಪಿವೈ ಜೊತೆ ಮೊದಲೇ ಬೆರೆಸಿಟ್ಟ ಆಂಟಿಬಾಡಿಯಿಂದ ಬಣ್ಣ ಬರಲಿಲ್ಲವೆಂದ ಮಾತ್ರಕ್ಕೆ ಆ ಅನುಮಾನ ತೀರದು, ಏಕೆಂದರೆ ಪಿವೈವೈಗೆ ಅಂಟುತ್ತಿದ್ದುದೂ ಅದರಲ್ಲೇ ನಿಂತುಹೋಗುತ್ತದೆ. ಇನ್ ಸಿಟುವಿನ ಪ್ರೋಬ್ ಅನ್ನು (ಆರ್‌ಎನ್‌ಎಗೆ ಅಂಟಿ ಅದನ್ನು ತೋರಿಸುವ ತುಣುಕು) ಪೆಪ್ಟೈಡ್ ಭಾಗ ಬಿಟ್ಟು, ಎರಡು ಜೀನ್‌ಗಳೂ ಹೋಲದ ಜಾಗದಿಂದ ತೆಗೆಯಿರಿ. ಇನ್ ಸಿಟು ಮಾಡುವುದಿದ್ದರೆ ಸಕ್ಕರೆ ದ್ರಾವಣವೂ ಆರ್‌ಎನ್‌ಏಸ್ (ಆರ್‌ಎನ್‌ಎ ಒಡೆಯುವ ಕಿಣ್ವ) ಮುಕ್ತವಾಗಿರಬೇಕು. ಅದನ್ನು ಮಂಗಳೂರಿಗೆ ಹೊರಡುವ ಮುನ್ನವೇ ತಯಾರಿಸಿಕೊಳ್ಳಿ.