ಎಸ್‌ಎಸ್‌ಬಿ ಕೋಚಿಂಗ್: ಮೈದಾನದ ಪಾಠಕ್ಕಾಗಿ ಹೋಗಿ

ಮಗ ಸೇನೆಯಲ್ಲಿ ಅಧಿಕಾರಿ ಆಗಲು ಬರೆಯುವ ಸಿಡಿಎಸ್ ಲಿಖಿತ ಪರೀಕ್ಷೆ ಪಾಸಾದ ಮೇಲೆ, ಮುಂದಿನ ಹಂತವಾದ ಎಸ್‌ಎಸ್‌ಬಿ ಆಯ್ಕೆಗೆ ತಯಾರು ಮಾಡುವ ಬೆಂಗಳೂರಿನ ಒಂದು ಕೋಚಿಂಗ್‌ಗೆ 14 ದಿನ ಕಳಿಸಿದ್ದೆ. ನಾನು ಸೇನೆಯ ಎಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿ 22 ವರ್ಷ ಇದ್ದು ಹವಾಲ್ದಾರ್ ಆಗಿ ಬಂದವನು. ಕೊನೆಯ ಎರಡು ದಿನ ನಾನೇ ಹೋಗಿ ಕೂತು ನೋಡಿದೆ.

ಮೊದಲು ಬೇಜಾರಿನ ವಿಷಯ. ಎಸ್‌ಎಸ್‌ಬಿಯ ಪದ ನೋಡಿ ವಾಕ್ಯ ಬರೆಯುವ ಪರೀಕ್ಷೆಯಲ್ಲಿ 60 ಪದ, ಒಂದೊಂದಕ್ಕೆ 15 ಸೆಕೆಂಡ್. ಹುಡುಗನ ಮನಸ್ಸಲ್ಲಿ ಏನಿದೆ ಅಂತ ನೋಡೋಕೆ ಇಟ್ಟಿದ್ದು ಅದು. ಇಲ್ಲಿ ಅದಕ್ಕೂ ವಾಕ್ಯ ಬಾಯಿಪಾಠ ಮಾಡಿಸುತ್ತಾರೆ. ಆ ದುಡ್ಡು ದಂಡ.

ಮೈದಾನದ್ದು ಬೇರೆಯೇ. ಹಲಗೆ, ಹಗ್ಗ, ದಿಮ್ಮಿ ಕೊಟ್ಟು ಕೆಂಪು ಬಣ್ಣ ಬಳಿದ ಜಾಗ ಮುಟ್ಟದೆ ಗುಂಪು ದಾಟಬೇಕು. ನನ್ನ ಮಗ ಮುಂದೆ ನಿಂತು "ಹಗ್ಗ ಕೊಡಿ, ಬೇಗ" ಅಂತ ಕೂಗುತ್ತಿದ್ದ. ಬಾಗಲಕೋಟೆ ಕಡೆಯ ಒಬ್ಬ ಹುಡುಗ ಹಲಗೆಯ ಹಿಂದಿನ ತುದಿ ಮೇಲೆ ಸುಮ್ನೆ ಕೂತು ಭಾರ ಹಾಕಿದ್ದ. ಅವನು ಎದ್ದಿದ್ದರೆ ಮುಂದಿದ್ದವರು ಕೆಳಗೆ ಬೀಳುತ್ತಿದ್ದರು.

ಸಂಜೆ ತರಬೇತುದಾರರು 9 ಜನಕ್ಕೂ ಒಂದೊಂದು ಚೀಟಿ ಕೊಟ್ಟರು. "ರಾತ್ರಿ ಗಸ್ತಿಗೆ ಹೋಗಬೇಕು. ಜೊತೆಗೆ ಯಾರಿರಬೇಕು? ಇಬ್ಬರ ಹೆಸರು ಬರೆಯಿರಿ." ಚೀಟಿಗಳನ್ನು ಎಲ್ಲರ ಎದುರು ಓದಲಿಲ್ಲ. ಒಬ್ಬೊಬ್ಬರನ್ನೇ ಕರೆದು ಮಾತಾಡಿಸಿದರು. ಅದು ನನಗೆ ತುಂಬಾ ಹಿಡಿಸಿತು. ಮಗನ ಹೆಸರು ಬಂದಿದ್ದು ಒಂದೇ ಚೀಟಿಯಲ್ಲಂತೆ. ಅವನು ತಾನೇ ಮೊದಲು ಬರೆದಿದ್ದ ಹೆಸರು ಆ ಬಾಗಲಕೋಟೆ ಹುಡುಗನದು.

ಜೊತೆಗಿದ್ದವರೇ ಅಳೆಯುವ ಈ ಅಳತೆ ಸರಿಯಾದದ್ದು. 2024ರಲ್ಲಿ ವಯನಾಡಿನಲ್ಲಿ ನಮ್ಮ ಸ್ಯಾಪರ್‌ಗಳು ಉಕ್ಕಿನ ಪ್ಯಾನಲ್‌ಗಳನ್ನು ಜೋಡಿಸುವ 190 ಅಡಿ ಬೈಲಿ ಸೇತುವೆ ಕಟ್ಟಿದರಲ್ಲ, ಅಂಥ ಸೇತುವೆಯ ಒಂದು ಪ್ಯಾನಲ್ ಸುಮಾರು 260 ಕೆ.ಜಿ. ಆರು ಜನ ಹೊರಬೇಕು. ಒಬ್ಬ ಕೈ ಸಡಿಲ ಬಿಟ್ಟರೆ ಉಳಿದ ಐವರಿಗೆ ತಕ್ಷಣ ಗೊತ್ತಾಗುತ್ತದೆ. ದೂರ ನಿಂತು ನೋಡುವ ಸಾಹೇಬರಿಗೆ ಗೊತ್ತಾಗಲ್ಲ. ಎಸ್‌ಎಸ್‌ಬಿಯ ಕಮಾಂಡ್ ಟಾಸ್ಕ್‌ನಲ್ಲೂ, ಅಂದರೆ ಒಬ್ಬೊಬ್ಬ ಹುಡುಗನೂ ನಾಯಕನಾಗಿ ಮಾಡುವ ಮೈದಾನದ ಪರೀಕ್ಷೆಯಲ್ಲೂ, ಸಹಾಯಕರನ್ನು ಕರೆಯೋದು ಹುಡುಗರೇ ಅಲ್ವಾ?

ಮರುದಿನ ಮಗ ತಾನಾಗೇ ಹೋಗಿ ಹಲಗೆಯ ತುದಿಯಲ್ಲಿ ಕೂತ.

ಒಂದೇ ಕೊರತೆ, ಆ ಚೀಟಿ ಬಂದಿದ್ದು 13ನೇ ದಿನ. ಮೊದಲ ವಾರವೇ ಒಮ್ಮೆ ಬರೆಸಿದ್ದರೆ ತಿದ್ದಿಕೊಳ್ಳಲು ಸಮಯ ಸಿಗುತ್ತಿತ್ತು. ಮಕ್ಕಳನ್ನು ಇಂಥ ಕಡೆ ಸೇರಿಸುವವರು ಫೀಸು ಕಟ್ಟುವ ಮೊದಲು ಎರಡು ವಿಷಯ ಕೇಳಿ: ಒಂದು ಗುಂಪಿಗೆ ಎಷ್ಟು ಜನ, ಚೀಟಿ ಯಾವತ್ತು ಬರೆಸುತ್ತೀರಿ.