ಮೊಟ್ಟೆಯೋ, ಆಲೂಗಡ್ಡೆಯೋ, ಡಯಾಲಿಸಿಸ್ ಕೊಳವೆಯೋ?

ಅರೆಪಾರಕ ಪೊರೆಯ (ನೀರಿನಂಥ ಸಣ್ಣ ಕಣಗಳನ್ನು ಬಿಟ್ಟು ದೊಡ್ಡವನ್ನು ತಡೆಯುವ ಪೊರೆಯ) ಪ್ರಯೋಗ ಎಂದರೆ ತರಗತಿಯಲ್ಲಿ ಮೊದಲು ಕೈಗೆ ಬರುವುದು ಆಲೂಗಡ್ಡೆ. ಆಲೂಗಡ್ಡೆ, ಮೊಟ್ಟೆ, ಡಯಾಲಿಸಿಸ್ ಕೊಳವೆ (ಸೆಲ್ಲೋಫೇನ್‌ನಂಥ ತೆಳು ಪೊರೆಯ ಕೊಳವೆ) ಮೂರನ್ನೂ ಒಂದೇ ಮೇಜಿನ ಮೇಲಿಟ್ಟು ನೋಡಿದರೆ ಆ ಆಯ್ಕೆ ಅಗ್ಗದ್ದು ಅಷ್ಟೇ, ಉತ್ತಮವಾದದ್ದಲ್ಲ ಎಂದು ಗೊತ್ತಾಗುತ್ತದೆ.

ಆಲೂಗಡ್ಡೆಯ ಸಿಪ್ಪೆ ಪೂರ್ತಿ ತೆಗೆಯಬೇಕು, ಸಿಪ್ಪೆ ನೀರನ್ನು ತಡೆಯುತ್ತದೆ. ತಳ ಸಮ ಮಾಡಿ, ಗುಳಿ ತೋಡಿ, 20% ಸಕ್ಕರೆ ದ್ರಾವಣವನ್ನು ಅರ್ಧದಷ್ಟು ತುಂಬಿ, ಮಟ್ಟಕ್ಕೆ ಗುಂಡುಸೂಜಿ ಚುಚ್ಚಿ ನೀರಿನ ತಟ್ಟೆಯಲ್ಲಿಡಿ. ಎರಡು ಗಂಟೆಯಲ್ಲಿ ಮಟ್ಟ ಏರುತ್ತದೆ. ಚಮಚ ತಳದವರೆಗೆ ಹೋಗಿ ಕಾಣದ ತೂತು ಬಿದ್ದರೆ ನೀರು ಸೋರಿ ಒಳಬರುತ್ತದೆ, ಅದನ್ನೇ ಅಭಿಸರಣೆ (ಪೊರೆಯ ಮೂಲಕ ನೀರು ದಟ್ಟ ದ್ರಾವಣದ ಕಡೆಗೆ ಹೋಗುವುದು) ಎಂದುಕೊಂಡುಬಿಡುತ್ತಾರೆ. ಬೇಯಿಸಿದ ಆಲೂಗಡ್ಡೆಯ ಜೋಡಿ ಇಲ್ಲದೆ ಈ ಪ್ರಯೋಗ ಮಾಡಲೇಬೇಡಿ: ಬೆಂದಾಗ ಕೋಶಪೊರೆಗಳು ಹಾಳಾಗಿ ಮಟ್ಟ ಏರುವುದು ನಿಲ್ಲುತ್ತದೆ. ಕೋಶಪೊರೆ ಹಾಳಾಗದಿದ್ದರೆ ಮಾತ್ರ ಕೆಲಸ ಎಂಬುದನ್ನು ಮೂರರಲ್ಲಿ ಇದೊಂದೇ ತೋರಿಸುತ್ತದೆ. ಆದರೆ ಇಲ್ಲಿರುವುದು ಒಂದು ಪೊರೆಯಲ್ಲ, ಸಾಲಾಗಿ ನಿಂತ ಸಾವಿರಾರು ಕೋಶಗಳ ಪೊರೆಗಳು.

ಅಳತೆ ಬೇಕೆಂದರೆ ಮೊಟ್ಟೆಯೇ ಸರಿ. 4% ವಿನೆಗರ್‌ನಲ್ಲಿ 24 ಗಂಟೆ, ವಿನೆಗರ್ ಬದಲಿಸಿ ಇನ್ನೂ 24 ಗಂಟೆ ಇಟ್ಟರೆ ಕ್ಯಾಲ್ಸಿಯಂ ಕಾರ್ಬೊನೇಟಿನ ಚಿಪ್ಪು ಗುಳ್ಳೆ ಬಿಡುತ್ತಾ ಕರಗಿ, ಅದರಡಿಯ ಪೊರೆ ಉಳಿಯುತ್ತದೆ. ಉಳಿದ ಬಿಳಿ ಪುಡಿಯನ್ನು ನಲ್ಲಿ ನೀರಿನಡಿ ಬೆರಳಿಂದ ಮೆಲ್ಲಗೆ ತಿಕ್ಕಿ ತೆಗೆಯಿರಿ. ಎಲ್ಲರೂ ಎಡವುವುದು ಇಲ್ಲೇ: ಹಸಿ ಮೊಟ್ಟೆಯ ತೂಕವನ್ನೇ ಆರಂಭದ ತೂಕ ಎಂದು ಬರೆಯುತ್ತಾರೆ. ವಿನೆಗರ್‌ನಲ್ಲಿ ಬಹುಪಾಲು ನೀರೇ ಇರುವುದರಿಂದ ಅಲ್ಲೇ ಮೊಟ್ಟೆ ಆಗಲೇ ಊದಿರುತ್ತದೆ. ಆದ್ದರಿಂದ ಚಿಪ್ಪು ಹೋದ ಮೇಲೆ, ಬಟ್ಟೆಯಿಂದ ಒತ್ತಿ ಒರೆಸಿ ತೂಗಿದ್ದೇ ಆರಂಭ. ನಂತರ ಒಂದನ್ನು ನೀರಿಗೆ, ಇನ್ನೊಂದನ್ನು ಸಮತೂಕದ ಸಕ್ಕರೆ-ನೀರಿನ ಪಾಕಕ್ಕೆ ಹಾಕಿ. ಪಾಕ ದಟ್ಟವಾದ್ದರಿಂದ ಮೊಟ್ಟೆ ತೇಲುತ್ತದೆ, ಮೇಲಿನ ಭಾಗಕ್ಕೆ ಪಾಕ ತಾಕುವುದಿಲ್ಲ. ಒಂದು ಸಣ್ಣ ಬಟ್ಟಲನ್ನು ಮೇಲಿಟ್ಟು ಮುಳುಗಿಸಿ. ಮರುದಿನ ನೀರಿನದ್ದು ಬಿಗಿದುಕೊಂಡಿರುತ್ತದೆ. ಪಾಕದ್ದನ್ನು ಒತ್ತಿದರೆ ಬೆರಳಿನ ಗುಳಿ ಹಾಗೇ ಉಳಿಯುತ್ತದೆ. ಹಸಿ ಮೊಟ್ಟೆ ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯಿರಿ.

ಮೊಟ್ಟೆಯಲ್ಲಿ ನೀರಿನ ಓಡಾಟ ಕಾಣುತ್ತದೆ, ಆದರೆ ಪೊರೆ ಯಾವ ಕಣವನ್ನು ಬಿಟ್ಟಿತು, ಯಾವುದನ್ನು ತಡೆಯಿತು ಎಂಬುದು ಕಾಣುವುದಿಲ್ಲ. ಅದಕ್ಕೆ ಡಯಾಲಿಸಿಸ್ ಕೊಳವೆಯೇ ಬೇಕು. 12,000–14,000 ಡಾಲ್ಟನ್ (ಅಣುವಿನ ತೂಕದ ಮಾನ) ಮಿತಿಯದ್ದು, ಅಂದರೆ ಅದಕ್ಕಿಂತ ದೊಡ್ಡ ಅಣುಗಳನ್ನು ತಡೆಯುವಂಥದ್ದು ಸಾಕು: 180 ಡಾಲ್ಟನ್‌ನ ಗ್ಲೂಕೋಸ್ ಸುಲಭವಾಗಿ ದಾಟುತ್ತದೆ, ಪಿಷ್ಟ ಒಳಗೇ ಉಳಿಯುತ್ತದೆ. 10–15 ಸೆಂ.ಮೀ. ತುಂಡನ್ನು ನೀರಿನಲ್ಲಿ ನೆನೆಸಿ, ಬೆರಳುಗಳ ನಡುವೆ ಉಜ್ಜಿ ಬಾಯಿ ಬಿಡಿಸಿ, ಒಂದು ತುದಿ ಗಂಟು ಹಾಕಿ. ಕುದಿಸಿ ಆರಿಸಿದ 1% ಪಿಷ್ಟಕ್ಕೆ ಗ್ಲೂಕೋಸ್ ಬೆರೆಸಿ ಮೂರನೇ ಎರಡು ಭಾಗ ಮಾತ್ರ ತುಂಬಿ. ಕಂಠಮಟ್ಟ ತುಂಬಿದರೆ ನೀರು ಒಳನುಗ್ಗಿ ಗಂಟಿನಲ್ಲಿ ಸೋರುತ್ತದೆ. ಇನ್ನೊಂದು ತುದಿಯನ್ನೂ ಕಟ್ಟಿ, ಅಯೊಡಿನ್ ಹಾಕಿದ ನೀರಿನ ಬೀಕರಿನಲ್ಲಿಡಿ; ಅಯೊಡಿನ್ ಪಿಷ್ಟವನ್ನು ನೀಲಿ ಮಾಡುತ್ತದೆ. ಮೊದಲು ಹೊರಮೈಯನ್ನು ಚೆನ್ನಾಗಿ ತೊಳೆಯದಿದ್ದರೆ ಅಯೊಡಿನ್ ಹಾಕಿದ ಹೊರನೀರೂ ನೀಲಿಯಾಗಿ, ಪಿಷ್ಟ ದಾಟಿತೆಂಬ ತಪ್ಪು ತೀರ್ಮಾನ ಬರುತ್ತದೆ. ಎಲ್ಲ ಸರಿಯಿದ್ದರೆ ಕೊಳವೆಯ ಒಳಗಷ್ಟೇ ಕಡುನೀಲಿ. ಗ್ಲೂಕೋಸಿಗೆ ಬೆನೆಡಿಕ್ಟ್ ಪರೀಕ್ಷೆ (ನೀಲಿ ದ್ರಾವಣ ಬೆರೆಸಿ ಬಿಸಿ ಮಾಡಿ ಬಣ್ಣ ಬದಲಾಗುವುದನ್ನು ನೋಡುವುದು) ಮಾಡುವ ನೀರನ್ನು ಅಯೊಡಿನ್ ಇಲ್ಲದ ಬೇರೆ ಬೀಕರಿನಿಂದ ಅರ್ಧ ಗಂಟೆಯ ನಂತರ ತೆಗೆಯಿರಿ. ಮನೆಯ ಸಕ್ಕರೆ ಈ ಪರೀಕ್ಷೆಯಲ್ಲಿ ಬಣ್ಣ ಬದಲಿಸದು, ಆದ್ದರಿಂದ ಗ್ಲೂಕೋಸೇ ಬೇಕು.

ಕೊಳವೆ ದುಬಾರಿಯೆಂದು ಉಡುಗೊರೆ ಸುತ್ತುವ ಹೊಳಪಿನ ಹಾಳೆ ತರಬೇಡಿ. ಸೆಲ್ಲೋಫೇನ್ ಎಂದು ಮಾರಿದರೂ ಅದು ಹೆಚ್ಚಾಗಿ ಪಾಲಿಪ್ರೊಪಿಲೀನ್. ಚೂರೊಂದನ್ನು ಸುಟ್ಟು ನೋಡಿ: ಸೆಲ್ಲೋಫೇನ್ ಕಾಗದದಂತೆ ಉರಿದು ಬೂದಿಯಾಗುತ್ತದೆ, ಪ್ಲಾಸ್ಟಿಕ್ ಕರಗಿ ತೊಟ್ಟಿಕ್ಕುತ್ತದೆ.