ಫ್ರೀವೀಲ್ ಬಿಚ್ಚುವ ಪಾರ್ಕ್ ಟೂಲ್ ಎಫ್‌ಆರ್-1.3: ಹಳೆಯ ರೋಡ್ ಬೈಕ್ ಇಟ್ಟುಕೊಂಡವರಿಗೆ

ಪಾರ್ಕ್ ಟೂಲ್‌ನ ಎಫ್‌ಆರ್-1.3 ಎಂಬ ಈ ಗಿಡ್ಡ ಉಕ್ಕಿನ ತುಂಡಿಗೆ ಗೊತ್ತಿರುವುದು ಒಂದೇ ಕೆಲಸ. ಶಿಮಾನೋ ಮಾದರಿಯ ಫ್ರೀವೀಲನ್ನು, ಅಂದರೆ ತುಳಿಯುವುದು ನಿಲ್ಲಿಸಿದರೂ ಹಿಂಚಕ್ರ ಉರುಳಲು ಬಿಡುವ ಗಿಯರ್ ಚಕ್ರಗಳ ಗುಚ್ಛವನ್ನು, ಚಕ್ರದ ನಡುವಿನ ಹಬ್‌ನಿಂದ ಕಳಚುವುದು. ಅದನ್ನು ಎಷ್ಟು ಚೆನ್ನಾಗಿ ಮಾಡುತ್ತದೆಂದರೆ, ನನ್ನ ಆರು ಗಿಯರಿನ ಹಳೆಯ ಉಕ್ಕಿನ ಸೈಕಲ್ ಇರುವವರೆಗೂ ಇದನ್ನು ಯಾರಿಗೂ ಎರವಲು ಕೊಡುವುದಿಲ್ಲ.

ಆದರೆ ಕೊಳ್ಳುವ ಮೊದಲು ನಿಮ್ಮ ಸೈಕಲ್ಲಿಗೆ ಇದು ಬೇಕೇ ಎಂದು ನೋಡಿಕೊಳ್ಳಿ. ಹಿಂಚಕ್ರವನ್ನು ಕಳಚಿ, ಗಿಯರ್ ಚಕ್ರಗಳನ್ನು ಹಿಮ್ಮುಖವಾಗಿ ತಿರುಗಿಸಿ. ಸಲಕರಣೆ ಕೂರುವ ನಡುವಿನ ಗೀರುಗಳೂ ಜೊತೆಗೇ ತಿರುಗಿದರೆ ಅದು ಕ್ಯಾಸೆಟ್ ಎಂಬ ಬೇರೆ ಬಗೆಯ ಗಿಯರ್ ಗುಚ್ಛ. ಶಿಮಾನೋ ಮಾದರಿಯದಾದರೆ ಅದಕ್ಕೆ ಪಾರ್ಕ್ ಟೂಲ್‌ನದೇ ಎಫ್‌ಆರ್-5.2 ಬೇಕು. ಎರಡೂ ಸಲಕರಣೆಗಳು ನೋಡಲು ಅಣ್ಣತಮ್ಮಂದಿರಂತಿವೆ, ಒಂದರ ಕೆಲಸಕ್ಕೆ ಇನ್ನೊಂದು ಬಾರದು. ನಡುವಿನ ಭಾಗ ಅಲುಗದೆ ನಿಂತಿದ್ದರೆ ಅದು ಫ್ರೀವೀಲ್. ಅದರಲ್ಲೂ ಒಳಗೆ 12 ಗೀರುಗಳಿದ್ದರೆ ಮಾತ್ರ ಎಫ್‌ಆರ್-1.3. ಹಳೆಯ ಸನ್‌ಟೂರ್ ಫ್ರೀವೀಲ್‌ಗಳಲ್ಲಿ ಎರಡೋ ನಾಲ್ಕೋ ಕಚ್ಚುಗಳಿರುತ್ತವೆ, ಅವುಗಳ ಸಲಕರಣೆ ಬೇರೆ. ಮಯಾರ್ ಕಂಪನಿಯ ಹೆಲಿಕೊಮ್ಯಾಟಿಕ್ ಹಬ್ ಅಂತೂ ಬೇರೆಯೇ ಜಾತಿ.

ಫ್ರೀವೀಲ್ ಬಿಚ್ಚುವುದು ಕಷ್ಟವಾಗುವುದಕ್ಕೆ ಕಾರಣ ಸವಾರನ ಕಾಲುಗಳೇ. ಅದು ಹಬ್‌ನ ಮೇಲೆ ತಿರುಪಿನಂತೆ ಕೂತಿರುತ್ತದೆ. ಪೆಡಲ್ ತುಳಿದಷ್ಟೂ ಬಿಗಿಯಾಗುತ್ತ ಹೋಗುತ್ತದೆ. ವರ್ಷಗಟ್ಟಲೆ ಏರು ಹತ್ತಿದ ಸೈಕಲ್ಲಿನ ಫ್ರೀವೀಲ್ ಹೇಗೆ ಕಚ್ಚಿಕೊಂಡಿರಬೇಡ! ಇದಕ್ಕೂ ಮೊದಲು ನನ್ನ ಬಳಿ ಇದ್ದ ಅಗ್ಗದ, ಹೆಸರಿಲ್ಲದ ಸಲಕರಣೆಯ ಹಲ್ಲುಗಳು ಇಂಥದೇ ಬಿಗಿತಕ್ಕೆ ಸವೆದು ದುಂಡಾದವು. ಎಫ್‌ಆರ್-1.3ರ ಹಲ್ಲುಗಳು ಗೀರಿನ ಆಳದವರೆಗೂ ಇಳಿದು ಅಲುಗಾಡದೆ ಕೂರುತ್ತವೆ.

ಹಾಗೆ ಕೂತಿದ್ದರೂ ಸಲಕರಣೆಯನ್ನು ಕ್ವಿಕ್ ರಿಲೀಸ್ ಕಡ್ಡಿಯಿಂದ (ಚಕ್ರವನ್ನು ಸೈಕಲ್ಲಿಗೆ ಬಿಗಿಯುವ, ಆಕ್ಸಲ್ ಒಳಗಿನ ಕಡ್ಡಿ) ಅದುಮಿ ಹಿಡಿಯಲೇಬೇಕು. ಕಡ್ಡಿಯ ಸ್ಪ್ರಿಂಗುಗಳನ್ನು ತೆಗೆದು, ಆಕ್ಸಲ್ ಮೂಲಕ ತೂರಿಸಿ, ಸಲಕರಣೆಯ ಮೇಲೆ ಅದರ ನಟ್ಟನ್ನು ಹಗುರವಾಗಿ ಬಿಗಿಯಿರಿ. ಆಮೇಲೆ ಉದ್ದ ಹಿಡಿಯ ಸ್ಪ್ಯಾನರ್ ಹಾಕಿ ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿಗೆ ತಿರುಗಿಸಿ. ಬಿಗಿತ ಬಿಟ್ಟಿತೆಂದು ತಿಳಿದ ಕೂಡಲೇ ನಟ್ಟನ್ನು ಸಡಿಲಿಸಬೇಕು. ಇಲ್ಲದಿದ್ದರೆ ಹೊರಕ್ಕೆ ಬರುವ ಫ್ರೀವೀಲ್ ಕಡ್ಡಿಯನ್ನೇ ಎಳೆದು ಹಾಳುಮಾಡುತ್ತದೆ. ಗಟ್ಟಿಯಾದ ವೈಸ್ ಇದ್ದರೆ ಇನ್ನೂ ಸುಲಭ. ಸಲಕರಣೆಯನ್ನು ವೈಸ್‌ನಲ್ಲಿ ಕಚ್ಚಿಸಿ, ಚಕ್ರವನ್ನು ಅದರ ಮೇಲೆ ಮಲಗಿಸಿ, ರಿಮ್ಮನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿದರೆ ಇಡೀ ಚಕ್ರವೇ ಸನ್ನೆಯಾಗುತ್ತದೆ.

ಕಳಚಿದ ಮೇಲೆ ಫ್ರೀವೀಲಿನ ಒಳಗನ್ನು ಬಿಚ್ಚುವ ಆಸೆ ಹುಟ್ಟುತ್ತದೆ. ಬೇಡ. ಮುಚ್ಚಳದ ತಿರುಪು ಉಲ್ಟಾ. ಒಳಗೆ ಎಣಿಸಲಾರದಷ್ಟು ಪುಟ್ಟ ಗುಂಡುಗಳು, ಕೂದಲಿನಂಥ ಸ್ಪ್ರಿಂಗುಗಳು. ಸೀಮೆಎಣ್ಣೆಯಲ್ಲಿ ಅದ್ದಿ, ತಿರುಗಿಸುತ್ತ ಕೊಳೆ ಬಿಡಿಸಿ, ಪೂರ್ತಿ ಒಣಗಿಸಿ, ತಿರುಗುವ ಮತ್ತು ನಿಂತ ಭಾಗಗಳ ನಡುವಿನ ಸಂದಿಗೆ ದಪ್ಪ ಎಣ್ಣೆ ಬಿಟ್ಟರೆ ಸಾಕು. ಆ ಶ್ರಮವನ್ನು ಹಬ್‌ನ ಬೇರಿಂಗುಗಳ ಮೇಲೆ ಹಾಕಿ. ಗಿಯರ್ ಬದಿಯ ಬೇರಿಂಗ್ ಸಲೀಸಾಗಿ ಕೈಗೆ ಸಿಗುವುದು, ಅದೇ ಬದಿಯ ಮುರಿದ ಸ್ಪೋಕನ್ನು ಬದಲಿಸಲಾಗುವುದು ಫ್ರೀವೀಲ್ ಹೊರಬಂದಾಗಲೇ.

ಮರಳಿ ಹಾಕುವಾಗ ತಿರುಪಿಗೆ ಧಾರಾಳವಾಗಿ ಗ್ರೀಸ್ ಸವರಿ, ಬರಿಗೈಯಲ್ಲೇ ತಿರುಗಿಸಿ. ಅರ್ಧಕ್ಕೇ ಬಿಗಿಯಾದರೆ ಅಲ್ಲಿಗೇ ನಿಲ್ಲಿಸಿ. ಹೆಚ್ಚಿನ ಹಬ್‌ಗಳ ತಿರುಪು 1.37 ಇಂಚು ವ್ಯಾಸ, ಇಂಚಿಗೆ 24 ಸುತ್ತು. ಹಳೆಯ ಫ್ರೆಂಚ್ ಹಬ್‌ಗಳದು 34.7 ಮಿಲಿಮೀಟರ್. ಇವೆರಡರ ವ್ಯತ್ಯಾಸ ಕಣ್ಣಿಗೆ ಕಾಣದು, ಬಲ ಹಾಕಿ ಕೂಡಿಸಿದರೆ ಹಬ್ ಕೆಡುತ್ತದೆ.

ಸ್ಪ್ಯಾನರನ್ನು ಬೇರೆಯಾಗಿ ಹೊಂದಿಸಿಕೊಳ್ಳಬೇಕು. ಸವೆದ ಒಂದೇ ಗಿಯರ್ ಚಕ್ರವನ್ನು ಬದಲಿಸಲು ಈ ಸಲಕರಣೆ ನೆರವಾಗುವುದಿಲ್ಲ, ಅದಕ್ಕೆ ಚೈನ್ ವಿಪ್‌ಗಳು (ಚೈನ್ ತುಂಡು ಜೋಡಿಸಿದ ಹಿಡಿಗಳು) ಬೇಕು. ಆದರೆ ಇಷ್ಟು ಹಳೆಯ ಫ್ರೀವೀಲಿಗೆ ಬಿಡಿ ಚಕ್ರ ಸಿಗುವುದೇ ಅಪರೂಪ. ಹೊಸ ಚೈನ್ ಹಲ್ಲುಗಳ ಮೇಲೆ ಜಾರುತ್ತಿದ್ದರೆ ಇಡೀ ಫ್ರೀವೀಲನ್ನೇ ಬದಲಿಸಿ.